ನಡಿಗೆಗೊಂದು ಸರ್ಟಿಫಿಕೇಟು

"ಮುಂದಿನ ಚಾನೆಲ್ ಯಾವ್ದು, ಬೇಗ ಹೇಳಿ," ಎಂದ ಟಿವಿ.

ಟಿವಿ ಎಂದರೆ ಗೋಡೆಗೆ ತೂಗುಹಾಕುವ ಟಿವಿ ಅಲ್ಲ. ಐದನೇ ಕ್ಲಾಸಿನ ಕೊನೆಯ ಬೆಂಚಿನ ಹುಡುಗ. ಯಾರು ಹೇಗೆ ನಡೆಯುತ್ತಾರೋ ಹಾಗೇ ನಡೆದು ತೋರಿಸುತ್ತಿದ್ದ. ಅದಕ್ಕೇ ಆ ಹೆಸರು. ಮಿಸ್ ಬರುವುದು ತಡವಾದರೆ ಸಾಕು, ಕರಿಹಲಗೆಯಿಂದ ಬಾಗಿಲವರೆಗಿನ ಜಾಗ ಅವನದೇ.

"ಹೆಡ್ ಮಾಸ್ಟರ್ ಚಾನೆಲ್," ಎಂದು ಯಾರೋ ಕೂಗಿದರು.

ಟಿವಿ ಕೈಗಳನ್ನು ಹಿಂದೆ ಕಟ್ಟಿದ. ಹೊಟ್ಟೆಯನ್ನು ಮುಂದೆ ಕಳಿಸಿ, ತಾನು ಅದರ ಹಿಂದೆ ನಿಧಾನಕ್ಕೆ ಹೋದ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ವಾಚ್‌ಮನ್ ಚಾನೆಲ್."

ಟಿವಿ ಒಂದು ಹೆಜ್ಜೆ ಇಟ್ಟ. ನಿಂತ. ಆಕಳಿಸಿದ. ಯೋಚನೆ ಮಾಡಿ ಇನ್ನೊಂದು ಹೆಜ್ಜೆ ಇಟ್ಟ.

"ಬಾತು ಚಾನೆಲ್."

ಟಿವಿ ಎರಡೂ ಪಾದಗಳನ್ನು ಹೊರಕ್ಕೆ ತಿರುಗಿಸಿದ. ಕಾಲು ಅಗಲಿಸಿದ. ಮೈಯನ್ನು ಆ ಕಡೆ ಈ ಕಡೆ ತೂಗುತ್ತ, ದಡದಿಂದ ನೀರಿಗಿಳಿಯುವ ಬಾತುಕೋಳಿಯ ಹಾಗೆ ಹೊರಟ. ಬಾಗಿಲ ಹತ್ತಿರ ಬಂದವನು ಗಕ್ಕನೆ ನಿಂತ. ಬಾಗಿಲಲ್ಲಿ ಚೂಟಿ ನಿಂತಿದ್ದಳು. ಅವಳ ಹಿಂದೆ ಡ್ರಾಯಿಂಗ್ ಮಿಸ್ ನಿಂತಿದ್ದರು.

ಚೂಟಿ ಮನೆಯಲ್ಲಿ ಮಾತ್ರ ಚೂಟಿ. ಸ್ಕೂಲಿನಲ್ಲಿ ಅವಳೇ ಬಾತು.

ಟಿವಿಗೆ ಬೈಗುಳ ಬೀಳುತ್ತದೆ ಎಂದು ಚೂಟಿ ಕಾದಳು. ಮಿಸ್ ಬೈದರು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಬೈಯುವುದಕ್ಕೆ ಮೊದಲು ಡ್ರಾಯಿಂಗ್ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಚೂಟಿ ಅದನ್ನು ನೋಡಿಬಿಟ್ಟಳು. ಹುಡುಗರು ನಕ್ಕರೆ ಹಾಳಾಗಿ ಹೋಗಲಿ ಅನ್ನಬಹುದು. ಮಿಸ್ಸೂ ನಕ್ಕರೆ ಏನು ಅನ್ನುವುದು?

ಊಟದ ಬೆಲ್ಲಿನಲ್ಲಿ ಚೂಟಿ ನೇರ ಕೊನೆಯ ಬೆಂಚಿಗೆ ಹೋದಳು.

"ನನ್ನ ನಡಿಗೆ ನಾರ್ಮಲ್ಲು," ಎಂದಳು.

"ಯಾರು ಹೇಳಿದ್ದು?" ಎಂದ ಟಿವಿ.

"ಆಸ್ಪತ್ರೆಯವ್ರು ಹೇಳ್ತಾರೆ. ಭಾನುವಾರ ನಾನು ಅಲ್ಲಿಗೆ ಹೋಗ್ತಿದೀನಿ. ನಡಿಗೆ ಟೆಸ್ಟ್ ಮಾಡೋ ಮಷೀನ್ ಇದೆ ಅಲ್ಲಿ. ನಾರ್ಮಲ್ ಅಂತ ಸರ್ಟಿಫಿಕೇಟ್ ತರ್ತೀನಿ."

"ನಡಿಗೆಗೂ ಸರ್ಟಿಫಿಕೇಟಾ? ಹಾಗಾದ್ರೆ ಆಕಳಿಸೋಕೂ ಒಂದು ತಗೊಂಡ್ ಬಾ, ವಾಚ್‌ಮನ್‌ಗೆ ಕೊಡೋಣ."

ಸುತ್ತ ಇದ್ದವರೆಲ್ಲ ನಕ್ಕರು. ಚೂಟಿಯ ಕಿವಿ ಬಿಸಿಯಾಯಿತು. "ತಂದ್ರೆ ಏನ್ ಮಾಡ್ತೀಯ?"

"ತಂದ್ರೆ ಬಾತು ಚಾನೆಲ್ ಬಂದ್. ತರದೇ ಇದ್ರೆ ಸ್ಕೂಲ್ ಡೇ ದಿನ ಸ್ಟೇಜ್ ಮೇಲೆ ಆ ಚಾನೆಲ್ ನೀನೇ ಹಾಕ್ಬೇಕು. ಕ್ವಾಕ್ ಕ್ವಾಕ್ ಅಂತ ಸೌಂಡೂ ಬರ್ಬೇಕು."

"ಆಯ್ತು," ಎಂದುಬಿಟ್ಟಳು ಚೂಟಿ. ಸಿಟ್ಟು ಬಂದಾಗ ಬಾಯಿಗೆ ಬೀಗ ಇರುವುದಿಲ್ಲ.

"ನೀನು ಸುಳ್ಳು ಬರೆಸ್ಕೊಂಡ್ ಬರ್ತೀಯ. ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ," ಎಂದ ಟಿವಿ.

ಆಸ್ಪತ್ರೆಯ ವಿಷಯ ಸುಳ್ಳೇನಲ್ಲ. ಚೂಟಿಯ ಅತ್ತೆ, ಅಂದರೆ ಅಪ್ಪನ ತಂಗಿ, ದೊಡ್ಡಾಸ್ಪತ್ರೆಯ ನಡಿಗೆ ರೂಮಿನಲ್ಲಿ ಕೆಲಸ ಮಾಡುತ್ತಿದ್ದಳು. ನಡೆಯಲು ಕಷ್ಟಪಡುವ ಮಕ್ಕಳು ಅಲ್ಲಿಗೆ ಬರುತ್ತಾರೆ. ಅವರು ನಡೆಯುವುದನ್ನು ಕ್ಯಾಮೆರಾಗಳು ಹಿಡಿದು, ಯಾವ ಮಂಡಿ ತಡವಾಗಿ ಮಡಚಿಕೊಳ್ಳುತ್ತದೆ, ಯಾವ ಹಿಮ್ಮಡಿ ನೆಲ ಮುಟ್ಟುತ್ತಿಲ್ಲ ಎಂದು ಹೇಳುತ್ತವೆ. ಅದನ್ನು ನೋಡಿಕೊಂಡು ಡಾಕ್ಟರು ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ.

"ಒಬ್ಬರ ನಡಿಗೇಲಿ ಏನು ತೊಂದರೆ ಅಂತ ಗೊತ್ತಾಗ್ಬೇಕಾದ್ರೆ, ತೊಂದರೆ ಇಲ್ದೇ ಇರೋರ ನಡಿಗೆ ಪಕ್ಕದಲ್ಲಿಟ್ಟು ನೋಡ್ಬೇಕಲ್ವಾ? ಅದಕ್ಕೆ ನೀನು ಬೇಕು," ಎಂದಿದ್ದಳು ಅತ್ತೆ. "ಬರೋ ವಾರ ನಿನ್ನ ವಯಸ್ಸಿನ ಹುಡುಗ ಒಬ್ಬ ಬರ್ತಾನೆ. ಅವನ ಪಕ್ಕ ಇಡೋಕೆ."

"ನಾನು ಏನ್ ಓದ್ಕೊಂಡ್ ಬರ್ಬೇಕು ಅತ್ತೆ?"

"ಓದೋದೇನು ಬಂತೇ? ಬಾ. ನಡಿ. ಹೋಗು. ಅಷ್ಟೆ."

"ಆದ್ರೂ, ಸರಿಯಾಗಿ ನಡೆಯೋದು ಅಂದ್ರೆ ಹೇಗೆ?"

ಅತ್ತೆಗೆ ಅವಸರ. ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದಳು. "ನಡೆಯೋದು ಅಂದ್ರೆ ಮುಂದಕ್ಕೆ ಬೀಳೋದು ಕಣೆ. ಬೀಳೋಷ್ಟರಲ್ಲಿ ಇನ್ನೊಂದು ಕಾಲು ಓಡಿ ಬಂದು ಹಿಡ್ಕೊಳ್ಳುತ್ತೆ. ಮತ್ತೆ ಬೀಳ್ತೀಯ, ಮತ್ತೆ ಹಿಡ್ಕೊಳ್ಳುತ್ತೆ. ಮೊದಲು ಹಿಮ್ಮಡಿ ನೆಲಕ್ಕೆ, ಆಮೇಲೆ ಪಾದ, ಕೊನೇಲಿ ಹೆಬ್ಬೆರಳು ನೆಲ ತಳ್ಳುತ್ತೆ. ಎಡಗಾಲು ಮುಂದೆ ಹೋದ್ರೆ ಬಲಗೈ ಮುಂದೆ. ಎಲ್ಲ ತಾನಾಗೇ ಆಗುತ್ತೆ. ನೀನು ಮಧ್ಯ ತಲೆ ಹಾಕ್ಬೇಡ."

ತಲೆ ಹಾಕಬೇಡ ಎಂದ ಮೇಲೆ ತಲೆ ಹಾಕದೇ ಇರುವವರು ಯಾರಿದ್ದಾರೆ? ಚೂಟಿ ಕನ್ನಡಿ ಮುಂದೆ ನಿಂತು ಮುಂದಕ್ಕೆ ವಾಲಿದಳು. ಕಾಲು ಓಡಿ ಬಂದು ಹಿಡಿದುಕೊಂಡಿತು. ಆದರೆ ಪಾದ ಹೊರಕ್ಕೇ ತಿರುಗಿತ್ತು. ಬಾತಿನ ಹಾಗೇ.

ಇದಕ್ಕೆ ಟ್ಯೂಷನ್ ಬೇಕು ಎಂದು ಅವಳಿಗೆ ಅನಿಸಿತು. ಲೆಕ್ಕಕ್ಕೆ ಟ್ಯೂಷನ್ ಇದೆ, ಇಂಗ್ಲಿಷಿಗೆ ಇದೆ. ನಡಿಗೆಗೆ ಮಾಸ್ತರರನ್ನು ಎಲ್ಲಿ ಹುಡುಕುವುದು? ಮನೆಯಲ್ಲೇ ಮೂರು ಜನ ಸಿಕ್ಕಿದರು.

ಮೊದಲನೆಯವರು ಅಜ್ಜಿ. ಅಜ್ಜಿ ಹರೆಯದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು. ತಲೆಯ ಮೇಲೆ ಇಟ್ಟಿಗೆ ಹೊತ್ತು ಏಣಿ ಹತ್ತಿದವರು.

"ನಡಿಗೆ ಇರೋದು ಕಾಲಲ್ಲಿ ಅಲ್ಲ, ಕುತ್ತಿಗೇಲಿ," ಎಂದರು ಅಜ್ಜಿ. ಒಂದು ಚೊಂಬು ನೀರು ತುಂಬಿ ಚೂಟಿಯ ತಲೆಯ ಮೇಲಿಟ್ಟರು. "ಕುತ್ತಿಗೆ ಅಲ್ಲಾಡಬಾರ್ದು. ನೆಲ ನೋಡಬಾರ್ದು. ನೆಲ ಎಲ್ಲೂ ಓಡಿ ಹೋಗಲ್ಲ. ಹೂಂ, ನಡಿ."

ಚೂಟಿ ಎರಡು ಹೆಜ್ಜೆ ಇಟ್ಟಳು. ಚೊಂಬು ಅವಳ ತಲೆಯಿಂದ ಅಪ್ಪನ ಇಸ್ತ್ರಿ ಮಾಡಿಟ್ಟ ಅಂಗಿಯ ಮೇಲೆ ಬಿತ್ತು.

ಎರಡನೆಯವರು ಅಪ್ಪ. ಒದ್ದೆ ಅಂಗಿ ಕಂಡು ಮೊದಲು ಕೂಗಾಡಿದರು. ಆಮೇಲೆ ವಿಷಯ ಕೇಳಿ ಉತ್ಸಾಹದಿಂದ ಎದ್ದು ನಿಂತರು. ಅಪ್ಪ ಬಸ್ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ಹಿಂದಿನಿಂದ ಮುಂದಕ್ಕೆ ಹೋಗಿ ಬರುವವರು.

"ಅಜ್ಜಿ ಹೇಳಿದ್ದು ತಲೆಯಿಂದ ತೆಗೆದುಹಾಕು. ಕಾಲು ಅಗಲಿಸಿ ಇಡು ಮಗಳೇ. ಇನ್ನೂ ಸ್ವಲ್ಪ. ಮಂಡಿ ಬಿಗಿ ಹಿಡೀಬೇಡ. ಬಸ್ಸು ಬ್ರೇಕ್ ಹಾಕಿದ್ರೆ ಏನ್ ಗತಿ?"

"ಅಪ್ಪ, ಆಸ್ಪತ್ರೆ ರೂಮು ಯಾಕೆ ಬ್ರೇಕ್ ಹಾಕುತ್ತೆ?"

"ಯಾವ್ದು ಯಾವಾಗ ಬ್ರೇಕ್ ಹಾಕುತ್ತೆ ಅಂತ ಹೇಳೋಕಾಗಲ್ಲ. ನಾವು ರೆಡಿಯಾಗಿರ್ಬೇಕು."

ಮೂರನೆಯವರು ಅಮ್ಮ. ಅಮ್ಮ ನರ್ಸ್. ಮಲಗಿರುವ ರೋಗಿಗಳ ಮಧ್ಯೆ ಓಡಾಡಿ ಓಡಾಡಿ ಅವರ ಕಾಲಿಗೆ ಸದ್ದೇ ಇರಲಿಲ್ಲ. ಅಡುಗೆಮನೆಯಲ್ಲಿ ಚೂಟಿ ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಅಮ್ಮ ಹಿಂದೆ ಬಂದು ನಿಂತಿರುತ್ತಿದ್ದರು. ಬಂದದ್ದು ಗೊತ್ತೇ ಆಗುತ್ತಿರಲಿಲ್ಲ.

"ದಡ ದಡ ಹಿಮ್ಮಡಿ ಕುಟ್ಟಬೇಡ. ಬೆರಳ ಮೇಲೆ ನಡಿ. ಒಂದು ಪೇಷೆಂಟ್ ಎದ್ರೂ ನೀನೇ ಮಲಗಿಸ್ಬೇಕು," ಎಂದರು ಅಮ್ಮ.

"ಅತ್ತೆ ಮೊದ್ಲು ಹಿಮ್ಮಡಿ ಅಂದ್ರು."

"ನಿಮ್ಮತ್ತೆಗೆ ಕ್ಯಾಮೆರಾಗಳನ್ನ ಮಲಗಿಸೋ ಕೆಲಸ ಇಲ್ಲ. ನಾನು ಮನುಷ್ಯರನ್ನ ಮಲಗಿಸ್ತೀನಿ."

ಹೀಗೆ ಒಬ್ಬೊಬ್ಬರದು ಒಂದೊಂದು ಪಾಠ. ಚೂಟಿ ಯಾವುದನ್ನೂ ಬಿಡಲಿಲ್ಲ. ಕುತ್ತಿಗೆ ಅಜ್ಜಿಯದು, ಕಾಲು ಅಪ್ಪನದು, ಬೆರಳು ಅಮ್ಮನದು. ಜೊತೆಗೆ ಎಡಗಾಲಿಗೆ ಬಲಗೈ ಎಂದು ಮನಸ್ಸಿನಲ್ಲೇ ಜಪ. ಶನಿವಾರದ ಹೊತ್ತಿಗೆ ಏನಾಯಿತೆಂದರೆ, ಎರಡನೇ ವರ್ಷದಿಂದ ತಾನೇ ತಾನಾಗಿ ನಡೆದುಕೊಂಡು ಬಂದ ಹುಡುಗಿಗೆ ನಡೆಯುವುದೇ ಮರೆತುಹೋಯಿತು. ಬಲಗಾಲಿನ ಜೊತೆ ಬಲಗೈ ಹೋಯಿತು. ಅದನ್ನು ಸರಿ ಮಾಡಲು ಹೋದರೆ ಎರಡೂ ಕೈ ಒಟ್ಟಿಗೆ ಮುಂದೆ ಬಂದವು. ಸ್ಕೂಲಿನ ಮೆಟ್ಟಿಲ ಮೇಲೆ ಯಾವ ಕಾಲು ಮೊದಲು ಎಂದು ಯೋಚಿಸುತ್ತ ನಿಂತವಳನ್ನು ವಾಚ್‌ಮನ್ ಬಂದು ಮಾತಾಡಿಸಿದ.

"ಕಾಲಿಗೆ ಮುಳ್ಳು ಚುಚ್ಚಿತೇನಮ್ಮ?"

"ಇಲ್ಲ. ನಡೀತಾ ಇದೀನಿ," ಎಂದಳು ಚೂಟಿ.

ಕಾರಿಡಾರಿನಲ್ಲಿ ಟಿವಿ ಅವಳ ಹಿಂದೆ ಬಂದು ಬಹಳ ಹೊತ್ತು ನೋಡಿದ. ತಾನೂ ಹಾಗೇ ನಡೆಯಲು ಪ್ರಯತ್ನಿಸಿದ. ಅವನ ಕಾಲಿಗೆ ಅವನ ಕಾಲೇ ಸಿಕ್ಕಿಕೊಂಡಿತು.

"ಇದನ್ನ ನನ್ನ ಕೈಲೂ ಮಾಡೋಕಾಗಲ್ಲ ಮಾರಾಯ್ತಿ," ಎಂದು ಕೈಮುಗಿದ.

ಭಾನುವಾರ ಅಪ್ಪನ ಜೊತೆ ಚೂಟಿ ಆಸ್ಪತ್ರೆಯ ಗೇಟಿಗೆ ಬಂದಾಗ ಒಂದು ಗ್ಯಾಸ್ ಸಿಲಿಂಡರಿನ ಗಾಡಿ ನಿಂತಿತ್ತು. ಅದರ ಮುಂದಿನ ಸೀಟಿನಿಂದ ಟಿವಿ ಹಾರಿ ಇಳಿದ. ಗಾಡಿಯ ಹಿಂದಿನಿಂದ ಅವನ ಅಪ್ಪ ಒಂದು ಸಿಲಿಂಡರ್ ಎಳೆದು ಬಲ ಹೆಗಲಿಗೆ ಏರಿಸಿಕೊಂಡರು. ತಲೆ ಎಡಕ್ಕೆ ವಾಲಿಸಿ, ಆಸ್ಪತ್ರೆಯ ಕ್ಯಾಂಟೀನಿನ ಕಡೆ ಹೊರಟರು.

"ಮಧ್ಯಾಹ್ನ ಇಲ್ಲೇ ಇರು, ಬಂದು ಕರ್ಕೊಂಡ್ ಹೋಗ್ತೀನಿ. ಅಲ್ಲಿ ಮಂಗನಾಟ ಆಡ್ಬೇಡ," ಎಂದು ಹೋಗುತ್ತಲೇ ಹೇಳಿದರು.

ನಡಿಗೆ ರೂಮು ಉದ್ದಕ್ಕೆ ಇತ್ತು. ಗೋಡೆಯ ತುಂಬ ಕ್ಯಾಮೆರಾಗಳು, ಒಂದೊಂದಕ್ಕೂ ಕೆಂಪು ಕಣ್ಣು. ನೆಲದಲ್ಲಿ ಎಲ್ಲೋ ಒಂದು ತೂಕದ ಹಲಗೆ ಹುದುಗಿಸಿಟ್ಟಿದ್ದರು. ಕಾಲು ಎಷ್ಟು ಬಲವಾಗಿ ನೆಲ ತಳ್ಳುತ್ತದೆ ಎಂದು ಅದು ಹೇಳುತ್ತದಂತೆ. ಎಲ್ಲಿದೆ ಎಂದು ಅತ್ತೆ ಹೇಳಲಿಲ್ಲ.

"ಹೇಳಿದ್ರೆ ಅದರ ಮೇಲೇ ಕಾಲಿಡೋಕೆ ಹೋಗ್ತೀರಿ. ನಡಿಗೆ ಕೆಡುತ್ತೆ," ಎಂದಳು.

ಒಬ್ಬಳು ಬರುತ್ತಾಳೆ ಎಂದುಕೊಂಡಿದ್ದ ಅತ್ತೆಗೆ ಇಬ್ಬರು ಸಿಕ್ಕಿದ್ದು ಖುಷಿಯಾಯಿತು. ಟಿವಿಯ ಅಪ್ಪನಿಗೆ ಫೋನ್ ಮಾಡಿ ಕೇಳಿ, ಅವನನ್ನೂ ನಿಲ್ಲಿಸಿಕೊಂಡಳು. ಇಬ್ಬರಿಗೂ ಬಿಗಿ ಚಡ್ಡಿ, ಬಿಗಿ ಬನಿಯನ್ನು. ತಲೆಯ ಪಟ್ಟಿಗೆ, ಭುಜಕ್ಕೆ, ಸೊಂಟಕ್ಕೆ, ಮಂಡಿಗೆ, ಹಿಮ್ಮಡಿಗೆ ಹೊಳೆಯುವ ಗೋಲಿಯಂಥ ಚೆಂಡುಗಳನ್ನು ಅಂಟಿಸಿದಳು. ಕ್ಯಾಮೆರಾಗಳಿಗೆ ಕಾಣುವುದು ಆ ಚೆಂಡುಗಳು ಮಾತ್ರ. ಅವುಗಳ ಮಧ್ಯೆ ಗೆರೆ ಎಳೆದು ಕಂಪ್ಯೂಟರು ಕಡ್ಡಿಯ ಮನುಷ್ಯನನ್ನು ಮಾಡುತ್ತದೆ. ಅದಕ್ಕೆ ಮುಖ ಇಲ್ಲ, ಬಟ್ಟೆ ಇಲ್ಲ. ನಡಿಗೆ ಮಾತ್ರ ಇರುತ್ತದೆ.

"ಆ ಗೋಡೆಯಿಂದ ಈ ಗೋಡೆಗೆ ನಡಿ," ಎಂದಳು ಅತ್ತೆ.

ಚೂಟಿ ಉಸಿರು ಬಿಗಿಹಿಡಿದಳು. ಕುತ್ತಿಗೆ ನೆಟ್ಟಗೆ. ಕಾಲು ಅಗಲ. ಬೆರಳ ಮೇಲೆ. ಎಡಗಾಲಿಗೆ ಬಲಗೈ. ಹೊರಟಳು.

ಅತ್ತೆ ಪರದೆಯನ್ನೇ ನೋಡಿದಳು. ಆಮೇಲೆ ಚೂಟಿಯನ್ನು ನೋಡಿದಳು. "ಇದೇನೇ ಇದು? ನಾಲ್ಕು ಜನ ಸೇರಿ ಒಂದು ಮಂಚ ಹೊತ್ಕೊಂಡು ಹೋದ ಹಾಗಿದೆ."

ಬಾಗಿಲಲ್ಲಿ ನಿಂತಿದ್ದ ಅಪ್ಪ, "ಕಾಲು, ಕಾಲು, ಇನ್ನೂ ಅಗಲ," ಎಂದು ಸನ್ನೆ ಮಾಡುತ್ತಿದ್ದರು.

"ಅಣ್ಣ, ನೀನು ಹೊರಗೆ ಕೂತ್ಕೋ. ಟಿಕೆಟ್ ಕೊಡೋಕೆ ಕರೀತೀನಿ," ಎಂದಳು ಅತ್ತೆ.

ಚೂಟಿ ಮತ್ತೆ ನಡೆದಳು. ಮತ್ತೆ ಮತ್ತೆ ನಡೆದಳು. ಪ್ರತಿ ಸಲವೂ ಹೊಸದೊಂದು ಕಡೆ ಕೆಟ್ಟಿತು. ಅತ್ತೆ ಹಣೆ ಚಚ್ಚಿಕೊಂಡಳು. "ಸರಿ, ನೀನು ಬಾರೋ."

ಟಿವಿ ಎದೆಯುಬ್ಬಿಸಿ ಬಂದ. ಹೊಟ್ಟೆ ಮುಂದೆ ಕಳಿಸಿ ನಡೆದ.

"ಇದು ಯಾರೋ?"

"ನಮ್ಮ ಹೆಡ್ ಮಾಸ್ಟರು, ಆಂಟಿ."

"ಅವರು ಬಂದಾಗ ಅವರನ್ನ ನೋಡೋಣ. ನಿಂದು ತೋರ್ಸು."

ಟಿವಿ ಒಂದು ಹೆಜ್ಜೆ ಇಟ್ಟು ಆಕಳಿಸಿದ.

"ಯಾರದ್ದೂ ಬೇಡ ಕಣೋ. ನೀನು ನಿನ್ನ ಪಾಡಿಗೆ ಹೇಗೆ ನಡೀತೀಯೋ ಹಾಗೆ ನಡಿ."

"ನಂದಾ?" ಎಂದ ಟಿವಿ. ಅವನು ಕಾಲು ಎತ್ತಿದ. ಕೆಳಗಿಟ್ಟ. ಇನ್ನೊಂದು ಕಾಲು ಎತ್ತಿದ. ಅದನ್ನೂ ಕೆಳಗಿಟ್ಟ. ಎಲ್ಲರ ನಡಿಗೆಯೂ ಗೊತ್ತಿದ್ದ ಹುಡುಗ ರೂಮಿನ ಮಧ್ಯೆ ಗೂಟದ ಹಾಗೆ ನಿಂತುಬಿಟ್ಟ. ಚೂಟಿಗೆ ನಗು ತಡೆಯಲಾಗಲಿಲ್ಲ. ವಾರದಲ್ಲಿ ಅದೇ ಮೊದಲ ಸಲ ಅವಳು ನಕ್ಕದ್ದು.

"ಸಾಕು," ಎಂದಳು ಅತ್ತೆ. ಅವಳ ದನಿಯಲ್ಲಿ ಸೋಲಿತ್ತು. "ನಾನು ಬೇರೆ ಮಕ್ಕಳನ್ನ ಹುಡುಕ್ತೀನಿ. ಆ ಗೋಡೆ ಹತ್ರ ಸ್ಟೂಲ್ ಮೇಲೆ ಬಿಸ್ಕತ್ ಡಬ್ಬ ಇದೆ. ಒಬ್ಬೊಬ್ಬರೇ ಹೋಗಿ ತಗೊಳ್ಳಿ. ಓಡಬೇಡಿ, ಚೆಂಡು ಕಿತ್ತು ಬೀಳುತ್ತೆ."

ಚೂಟಿ ಹೋದಳು. ಕ್ರೀಮ್ ಬಿಸ್ಕತ್ತು ಇರಬಹುದಾ ಎಂದು ಯೋಚಿಸುತ್ತಲೇ ಹೋದಳು, ತಿನ್ನುತ್ತಲೇ ಬಂದಳು. ಆಮೇಲೆ ಟಿವಿ ಹೋದ. ಕ್ರೀಮ್ ಬಿಸ್ಕತ್ತೆಲ್ಲ ಅವಳೇ ಎತ್ತಿದಳಾ ಎಂಬ ಚಿಂತೆಯಲ್ಲಿ ಹೋದ, ಗೊಣಗುತ್ತ ಬಂದ. ಎರಡು ಸಲ, ಮೂರು ಸಲ ಹೋಗಿ ಬಂದರು. ಅತ್ತೆ ಬೇಡ ಎನ್ನಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಸುಮ್ಮನೆ ಏನೋ ಒತ್ತುತ್ತಿದ್ದಳು.

ಗೋಡೆಯ ಮೇಲಿನ ಕೆಂಪು ಕಣ್ಣುಗಳು ಆರಿರಲಿಲ್ಲ.

"ಈಗ ಬನ್ನಿ, ನೋಡಿ," ಎಂದಳು ಅತ್ತೆ.

ಪರದೆಯ ಮೇಲೆ ಒಂದು ಕಡ್ಡಿ ಮನುಷ್ಯ ನಡೆಯುತ್ತಿತ್ತು. ಪಾದ ಹೊರಕ್ಕೆ, ಕಾಲು ಸ್ವಲ್ಪ ಅಗಲ, ಮಂಡಿ ಸಡಿಲ. ಹಿಮ್ಮಡಿ ನೆಲಕ್ಕೆ ತಾಗಿತು, ಪಾದ ಊರಿತು, ಹೆಬ್ಬೆರಳು ತಳ್ಳಿತು. ಎಡಗಾಲಿಗೆ ಬಲಗೈ ಯಾರೂ ಹೇಳದೆ ತಾನೇ ಬಂತು.

ಒಳಗೆ ಇಣುಕಿದ ಅಪ್ಪ, "ಇವನ್ಯಾವನು? ಥೇಟ್ ಬಸ್ಸಲ್ಲಿ ನಡೆಯೋ ಥರಾನೇ ನಡೀತಿದಾನೆ. ನಮ್ಮ ಡಿಪೋದವನಾ?" ಎಂದರು.

"ನಿನ್ನ ಮಗಳು ಅಣ್ಣ," ಎಂದಳು ಅತ್ತೆ.

ಅಪ್ಪ ಪರದೆ ನೋಡಿದರು, ಮಗಳನ್ನು ನೋಡಿದರು, ತಮ್ಮ ಪಾದ ನೋಡಿಕೊಂಡರು. ಡಬ್ಬದಿಂದ ಒಂದು ಬಿಸ್ಕತ್ತು ತೆಗೆದುಕೊಂಡರು.

"ಅತ್ತೆ, ನಾರ್ಮಲ್ಲಾ?" ಎಂದು ಚೂಟಿ ಮೆಲ್ಲಗೆ ಕೇಳಿದಳು.

ಅತ್ತೆ ಇನ್ನೊಂದು ಚಿತ್ರ ತೆಗೆದಳು. ಬೆಟ್ಟ ಕಣಿವೆಯ ಹಾಗೆ ಏರಿ ಇಳಿಯುವ ಬೂದು ಬಣ್ಣದ ಅಗಲ ಪಟ್ಟಿ. ಅದರ ಮೇಲೆ ಒಂದು ಕೆಂಪು ಗೆರೆ. "ಇದು ನಿನ್ನ ಗೆರೆ. ಮಂಡಿ, ಸೊಂಟ ಎಲ್ಲ ಪಟ್ಟಿಯೊಳಗೇ ಇದೆ. ಪಾದದ ಗೆರೆ ಮಾತ್ರ ಇಲ್ಲಿ ಸ್ವಲ್ಪ ಹೊರಗೆ ಇಣುಕುತ್ತೆ."

"ಹಾಗಾದ್ರೆ ಅಲ್ಲ," ಎಂದಳು ಚೂಟಿ. ಅವಳ ಕಣ್ಣ ಮುಂದೆ ಸ್ಕೂಲ್ ಡೇ ಸ್ಟೇಜು ಬಂತು.

"ಯಾಕಲ್ಲ? ಈ ಪಟ್ಟೀನ ಯಾರು ಮಾಡಿದ್ದು ಅಂದ್ಕೊಂಡೆ? ಮೇಲಿಂದ ಬಿತ್ತಾ? ನಿನ್ನಂಥ ಮಕ್ಕಳ ಗೆರೆಗಳನ್ನೇ ಒಂದರ ಮೇಲೊಂದು ಹಾಕಿ ಮಾಡಿದ್ದು. ಎಲ್ರದ್ದೂ ಎಲ್ಲೋ ಒಂದು ಕಡೆ ಇಣುಕುತ್ತೆ. ನಿನಗೆ ನೋವಿಲ್ಲ, ಬೀಳಲ್ಲ, ಸುಸ್ತಾಗಲ್ಲ. ಇವತ್ತು ನಿನ್ನ ಗೆರೇನೂ ಅದರೊಳಗೆ ಸೇರುತ್ತೆ. ಪಟ್ಟಿ ಒಂದು ಕೂದಲೆಳೆಯಷ್ಟು ಅಗಲ ಆಗುತ್ತೆ."

"ಸರ್ಟಿಫಿಕೇಟ್ ಕೊಡ್ತೀರಾ?"

"ಏನಂತ ಬರೀಲಿ? ಈ ಹುಡುಗಿ ನಡೀತಾಳೆ ಅಂತಲಾ?" ಅತ್ತೆ ನಕ್ಕಳು. "ನಾವು ಹಾಗೆಲ್ಲ ಕೊಡಲ್ಲ ಕಣೆ."

ಚೂಟಿ ಟಿವಿಯ ಕಡೆ ತಿರುಗಿದಳು. ನೀನು ಸೋತೆ ಎಂದು ಅವನು ಕುಣಿಯುತ್ತಾನೆ ಎಂದುಕೊಂಡಿದ್ದಳು. ಟಿವಿಗೆ ಇದಾವುದೂ ಕೇಳಿರಲಿಲ್ಲ. ಪರದೆಯ ಮೇಲೆ ಈಗ ಇನ್ನೊಂದು ಕಡ್ಡಿ ಮನುಷ್ಯ ನಡೆಯುತ್ತಿತ್ತು. ಅದರ ಬಲ ಭುಜ ಮೇಲಕ್ಕೆ ಏರಿತ್ತು. ತಲೆ ಎಡಕ್ಕೆ ವಾಲಿತ್ತು. ಏನೋ ಭಾರ ಹೊತ್ತ ಹಾಗೆ.

"ಇದು ನಮ್ಮಪ್ಪ," ಎಂದ ಟಿವಿ.

"ನೀನು ಕಣೋ," ಎಂದಳು ಅತ್ತೆ.

"ಹೂಂ, ಗೊತ್ತು ಆಂಟಿ," ಎಂದ ಅವನು. "ಸಿಲಿಂಡರ್ ಒಂದಿಲ್ಲ, ಅಷ್ಟೆ."

ಆಮೇಲೆ ಅವನು ಬಿಸ್ಕತ್ತನ್ನೂ ಕೇಳಲಿಲ್ಲ.

ಸೋಮವಾರ ಟಿವಿ ಕ್ಲಾಸಿಗೆ ಬಂದಾಗ ಎಲ್ಲರೂ ಓದುವುದು ಬಿಟ್ಟು ನೋಡಿದರು. ಅವನು ಬಲ ಭುಜವನ್ನು ಕೆಳಕ್ಕೆ ಒತ್ತಿಕೊಂಡಿದ್ದ. ತಲೆಯನ್ನು ಬೇಕೆಂದೇ ಬಲಕ್ಕೆ ವಾಲಿಸಿದ್ದ. ಬಲಗಾಲಿನ ಜೊತೆ ಬಲಗೈ ಹೋಗುತ್ತಿತ್ತು.

"ಹೊಸ ಚಾನೆಲ್, ಹೊಸ ಚಾನೆಲ್," ಎಂದು ಕ್ಲಾಸು ಚಪ್ಪಾಳೆ ತಟ್ಟಿತು. "ರೋಬೋಟಾ?" "ಕುತ್ತಿಗೆ ಉಳುಕಿದ ಒಂಟೆ ಕಣೋ." "ಪಿಟಿ ಮಾಸ್ಟರಾ?"

ಟಿವಿ ಹೋಗಿ ಬೆಂಚಿನಲ್ಲಿ ಕೂತ.

ಅದು ಚಾನೆಲ್ ಅಲ್ಲ, ನಡಿಗೆ ತಿದ್ದಿಕೊಳ್ಳುವ ಪಾಡು ಎಂದು ಆ ಕ್ಲಾಸಿನಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ವಾರವಿಡೀ ಅವಳೂ ಹಾಗೇ ನಡೆದಿದ್ದಳಲ್ಲ.

"ಬಾತು, ಸರ್ಟಿಫಿಕೇಟ್ ಎಲ್ಲಿ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಯಾರಿಗೂ ಕೊಡಲ್ಲವಂತೆ."

"ಹೋ, ಸೋತ್ಲು. ಟಿವಿ, ಬಾತು ಚಾನೆಲ್ ಹಾಕೋ."

"ಕರೆಂಟಿಲ್ಲ," ಎಂದ ಟಿವಿ, ತಲೆ ಎತ್ತದೆ.

ಕ್ಲಾಸಿಗೆ ನಿರಾಸೆಯಾಯಿತು. ಆ ಹುಡುಗಿ ಸುಮ್ಮನಾಗಲಿಲ್ಲ. "ಬಾತು, ನೀನು ಅವನ ಜೊತೇಲೇ ಇದ್ದೆಯಲ್ಲ. ಮಷೀನಲ್ಲಿ ಟಿವಿ ಹೇಗೆ ನಡೆದ? ನೀನೇ ತೋರ್ಸು. ಇವತ್ತು ಟಿವಿ ಚಾನೆಲ್."

"ಟಿವಿ ಚಾನೆಲ್, ಟಿವಿ ಚಾನೆಲ್," ಎಂದು ಎಲ್ಲರೂ ಡೆಸ್ಕು ಬಡಿದರು.

ಚೂಟಿ ಎದ್ದು ನಿಂತಳು. ಕರಿಹಲಗೆಯಿಂದ ಬಾಗಿಲವರೆಗಿನ ಜಾಗ ಖಾಲಿ ಇತ್ತು. ಕಷ್ಟವೇನೂ ಇಲ್ಲ. ಬಲ ಭುಜ ಮೇಲೆ, ತಲೆ ಎಡಕ್ಕೆ, ಎರಡು ಹೆಜ್ಜೆ. ಅಷ್ಟು ಮಾಡಿದರೆ ಸಾಕು, ಕ್ಲಾಸು ನಕ್ಕು ನಕ್ಕು ಸಾಯುತ್ತಿತ್ತು.

ಅವಳು ಕೊನೆಯ ಬೆಂಚಿನ ಕಡೆ ನೋಡಿದಳು. ಟಿವಿ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಕಾಲನ್ನೇ ನೋಡುತ್ತಿದ್ದ.

"ನನಗೆ ಗೊತ್ತಿಲ್ಲ. ನಾನು ಬಿಸ್ಕತ್ ನೋಡ್ತಾ ಇದ್ದೆ," ಎಂದು ಚೂಟಿ ಕೂತುಬಿಟ್ಟಳು.

ಸಂಜೆ ಸ್ಕೂಲು ಬಿಟ್ಟಾಗ ಟಿವಿ ಎಲ್ಲರೂ ಹೋಗಲೆಂದು ಕಾದು, ಕೊನೆಗೆ ಹೊರಟ. ಚೂಟಿ ಗೇಟಿನ ಹತ್ತಿರ ನಿಂತಿದ್ದಳು. ಭುಜ ಒತ್ತಿಕೊಂಡು, ತಲೆ ವಾಲಿಸಿಕೊಂಡು, ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತ ಅವನು ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲು ತಪ್ಪಿ ಮುಗ್ಗರಿಸಿದ.

ಯೋಚನೆ ಮಾಡ್ಬೇಡ ಎಂದು ಹೇಳಬಹುದಿತ್ತು. ಹೇಳಿದರೆ ಇನ್ನೂ ಯೋಚನೆ ಮಾಡುತ್ತಾನೆ. ಅದು ಚೂಟಿಗೆ ಚೆನ್ನಾಗಿ ಗೊತ್ತಿತ್ತು.

"ಏಯ್, ನಿನ್ನೆ ನನ್ನ ಪಾಲಿನ ಎರಡು ಕ್ರೀಮ್ ಬಿಸ್ಕತ್ತು ತಿಂದವನು ನೀನೇ ತಾನೆ?" ಎಂದಳು.

ಟಿವಿ ನಿಂತ. "ನಾನಾ? ಡಬ್ಬದಲ್ಲಿ ಬರೀ ಪುಡಿ ಉಳಿಸಿದ್ದವಳು ಯಾರು?"

"ಸುಳ್ಳ. ನಾನು ಒಂದೇ ತಗೊಂಡಿದ್ದು." ಚೂಟಿ ನಡೆಯತೊಡಗಿದಳು.

"ಒಂದಾ? ನಿನ್ನ ಎರಡೂ ಕೆನ್ನೆ ಉಬ್ಬಿತ್ತು. ನಾನು ಕಣ್ಣಾರೆ ನೋಡಿದೀನಿ." ಟಿವಿ ಬಿರಬಿರನೆ ಅವಳ ಹಿಂದೆ ಬಂದ.

"ಮತ್ತೆ ಸ್ಟೇಜು? ಸರ್ಟಿಫಿಕೇಟ್ ಇಲ್ಲ ಅಂತ ನನ್ನ ಸ್ಟೇಜ್ ಹತ್ತಿಸ್ತೀಯ? ನಾನು ಹತ್ತಲ್ಲ ನೋಡು."

"ಯಾರೇ ಹತ್ತು ಅಂದಿದ್ದು? ಆ ಚಾನೆಲ್ ತೆಗ್ದಾಯ್ತು."

"ಯಾಕೆ?"

"ಅದು ಬಾತು ಅಲ್ಲವಲ್ಲ, ಕಂಡಕ್ಟರು. ಇಷ್ಟು ದಿನ ತಪ್ಪು ಹೆಸರಲ್ಲಿ ಹಾಕಿದೀನಿ. ತಪ್ಪು ತಪ್ಪಾಗಿ ತೋರ್ಸೋದು ನನಗೆ ಆಗಲ್ಲ," ಎಂದ ಟಿವಿ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬಿಸ್ಕತ್ ವಿಷಯ ಹೇಳು ಮೊದ್ಲು. ಹೋಗ್ಲಿ ನಿಮ್ಮಪ್ಪ ಎಷ್ಟು ತಿಂದ್ರು?"

ಚೂಟಿ ಓರೆಗಣ್ಣಿನಿಂದ ನೋಡಿದಳು. ಅವನ ಎಡಗಾಲಿನ ಜೊತೆ ಬಲಗೈ ಬರುತ್ತಿತ್ತು. ಹಿಮ್ಮಡಿ, ಪಾದ, ಹೆಬ್ಬೆರಳು. ಬಲ ಭುಜ ಮೆಲ್ಲ ಮೆಲ್ಲಗೆ ಏರಿ ತನ್ನ ಜಾಗಕ್ಕೆ ಹೋಗಿ ಕೂತಿತ್ತು. ತಲೆ ಎಡಕ್ಕೆ ವಾಲಿತ್ತು.

ಅವಳು ಅದನ್ನು ಅವನಿಗೆ ಹೇಳಲಿಲ್ಲ.

"ನಮ್ಮಪ್ಪನ ಸುದ್ದಿಗೆ ಬಂದ್ರೆ ಅಷ್ಟೆ," ಎಂದಳು. "ಹೋದ ತಿಂಗಳು ನನ್ನ ರಬ್ಬರ್ ಕಚ್ಚಿ ಹಾಕಿದ್ದೆಯಲ್ಲ, ಅದಕ್ಕೇನು ಹೇಳ್ತೀಯ?"

"ಯಾವ ರಬ್ಬರ್?" ಎಂದು ಟಿವಿ ಕೂಗಿದ.

ಅವನ ಬೀದಿ ಇನ್ನೂ ದೂರ ಇತ್ತು. ಅಲ್ಲಿಯವರೆಗೆ ಸಾಲುವಷ್ಟು ಜಗಳ ಚೂಟಿಯ ಹತ್ತಿರ ಇತ್ತು.